ಸಿಸ್ಟಮ್ ಭಾಳ ಸ್ಲೋ ಆಗೈತ್ರೀ

ಫೋನಿನಲ್ಲಿ ಬರುವ ಮಾತು ಇಷ್ಟು ವರ್ಷವಾದರೂ ಬದಲಾಗಿಲ್ಲ. “ಅಕ್ಕಾರ, ಸಿಸ್ಟಮ್ ಭಾಳ ಸ್ಲೋ ಆಗೈತ್ರೀ. ಒಂದ್ಸಲ ಬಂದು ಫಾರ್ಮ್ಯಾಟ್ ಹೊಡದು ಹೋಗ್ರಿ.” ರೋಗವನ್ನೂ ಅವರೇ ಹೇಳುತ್ತಾರೆ, ಔಷಧಿಯನ್ನೂ ಅವರೇ ಬರೆಯುತ್ತಾರೆ. ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ ಹಿಡಿದ ಹೊಸತರಲ್ಲಿ ನಾನೂ ಅವರು ಹೇಳಿದ್ದನ್ನೇ ಮಾಡುತ್ತಿದ್ದೆ. ಸಿ.ಡಿ. ಹಾಕು, ಎಲ್ಲ ಅಳಿಸು, ವಿಂಡೋಸ್ ಹೊಸದಾಗಿ ಕೂರಿಸು, ದುಡ್ಡು ಇಸಕೊಂಡು ಬಾ. ಒಂದು ವಾರ ಚುರುಕಾಗಿ ಓಡಿದ ಯಂತ್ರ ಆರು ತಿಂಗಳಿಗೆ ಮತ್ತೆ ತೆವಳುತ್ತಿತ್ತು. ಮತ್ತೆ ಅದೇ ಫೋನು.

ಈಗ ಮೊದಲು ಕೇಳುವುದು ಬೇರೆ. “ಯಾವಾಗ ಸ್ಲೋ ಆಗ್ತದ್ರಿ? ಆನ್ ಮಾಡಿದ ಕೂಡಲೇನೋ, ಅರ್ಧ ತಾಸು ಆದಮ್ಯಾಲೋ, ನೆಟ್ ತೆಗೆದಾಗ ಅಷ್ಟೇನೋ?” ಈ ಮೂರಕ್ಕೆ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಒಂದಕ್ಕೆ ಹಾಕುವ ದುಡ್ಡು ಇನ್ನೊಂದಕ್ಕೆ ಪೂರ್ತಿ ದಂಡ.

ಹೀಗೆ ಕೇಳುವುದನ್ನು ನಾನು ಕಲಿತದ್ದು ಅಪ್ಪನಿಂದ. ಅಪ್ಪ ಬಸವಣ್ಣ ಕಾಲುವೆಯ ನೀರುಗಂಟಿ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇವತ್ತಿಗೂ ನಮ್ಮ ಕಡೆಯ ಬಾಳೆಗೆ, ಕಬ್ಬಿಗೆ ನೀರು ಕೊಡುತ್ತವೆ. ಕೊನೆಯ ಹೊಲದ ರೈತ “ನೀರು ಬರವಲ್ದು” ಎಂದು ಕೂಗಾಡುತ್ತ ಬಂದರೆ ಅಪ್ಪ ಅವನ ಹೊಲಕ್ಕೆ ಹೋಗುತ್ತಿರಲಿಲ್ಲ. ಸಲಿಕೆ ಹೆಗಲಿಗೇರಿಸಿ ಕಾಲುವೆ ದಂಡೆ ಹಿಡಿದು ಮೇಲ್ಮುಖವಾಗಿ ನಡೆಯುತ್ತಿದ್ದ. ಒಂದು ಕಡೆ ಜೊಂಡು ಬೆಳೆದಿರುತ್ತಿತ್ತು, ಇಲ್ಲವೇ ಯಾರೋ ಕಲ್ಲು ಅಡ್ಡ ಇಟ್ಟಿರುತ್ತಿದ್ದರು, ಇಲ್ಲವೇ ತೂಬಿನ ಹಲಗೆ ಅರ್ಧಕ್ಕೆ ಕಚ್ಚಿಕೊಂಡಿರುತ್ತಿತ್ತು. ಡ್ಯಾಮು ತುಂಬಿರಲಿ, ಕಾಲುವೆ ಅಗಲವಾಗಿರಲಿ, ಆ ಒಂದು ಜಾಗ ಎಷ್ಟು ಬಿಡುತ್ತದೋ ಹೊಲಕ್ಕೆ ಸೇರುವುದು ಅಷ್ಟೇ ನೀರು. ಕಂಪ್ಯೂಟರಿನಲ್ಲೂ ಹಾಗೆಯೇ ಹುಡುಕಬೇಕು. ಡಿಸ್ಕಿನಿಂದ ರಾಮ್‌ಗೆ, ರಾಮ್‌ನಿಂದ ಪ್ರೊಸೆಸರಿಗೆ, ಅಲ್ಲಿಂದ ಪರದೆಗೆ ಮಾಹಿತಿ ಹರಿಯುತ್ತದೆ. ಅದು ಎಲ್ಲಿ ನಿಂತಿದೆ ಎಂದು ನೋಡದೆ ಹೊಸ ಯಂತ್ರ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಲವತ್ತು ಸಾವಿರ ರೂಪಾಯಿ ನಮ್ಮ ಕಡೆಯ ಮನೆಗಳಿಗೆ ಸಣ್ಣ ದುಡ್ಡಲ್ಲ.

ನೋಡುವ ಸಾಧನ ವಿಂಡೋಸಿನೊಳಗೇ ಇದೆ, ಪುಕ್ಕಟೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಚಿಕ್ಕದಾಗಿ ತೆರೆದರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಸಾಲುಗಳ ನೆತ್ತಿಯ ಮೇಲೆ ಶೇಕಡಾವಾರು ಅಂಕಿ ಇರುತ್ತದೆ. ಯಂತ್ರ ತಿಣುಕಾಡುತ್ತಿರುವ ಹೊತ್ತಿನಲ್ಲೇ ನೋಡಬೇಕು. ಯಾವುದು ನೂರರ ಹತ್ತಿರ ಅಂಟಿಕೊಂಡು ಕೂತಿದೆಯೋ ಅದೇ ಕಚ್ಚಿಕೊಂಡ ತೂಬು.

ಕಂಪ್ಲಿಯ ಒಂದು ಮನೆಯಲ್ಲಿ ಆದದ್ದನ್ನು ವಿವರವಾಗಿ ಹೇಳುತ್ತೇನೆ. ನಾನು ನೋಡುವ ಹತ್ತು ಯಂತ್ರಗಳಲ್ಲಿ ಆರೇಳರ ಕಥೆ ಅದೇ. ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಪಹಣಿ ತೆಗೆದುಕೊಡುವುದು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುವುದು ಮಾಡುವ ಮನುಷ್ಯ. ರಾತ್ರಿ ಅದೇ ಯಂತ್ರದಲ್ಲಿ ಮಗಳ ಓದು. ಭತ್ತದ ನಾಟಿ ಮುಗಿದ ಸಮಯ, ರೈತರು ಸಾಲದ ಕಾಗದಕ್ಕೆಂದು ಬಾಗಿಲಲ್ಲಿ ಕೂತಿದ್ದರು. ಬೆಳಿಗ್ಗೆ ಬಟನ್ ಒತ್ತಿ ಅಂಗಳ ಗುಡಿಸಿ, ಚಹಾ ಕುಡಿದು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತಂತೆ. ನಾನು ಗಡಿಯಾರ ಹಿಡಿದು ನೋಡಿದೆ. ಬ್ರೌಸರ್ ತೆರೆದು ಕೆಲಸಕ್ಕೆ ಬರುವ ಹೊತ್ತಿಗೆ ನಾಲ್ಕೂವರೆ ನಿಮಿಷ. ಇದಕ್ಕೆ ವಯಸ್ಸಾಯಿತು, ಹೊಸದು ತಗೋ ಎಂದು ಯಾರೋ ಹೇಳಿಬಿಟ್ಟಿದ್ದರು. ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು ಹನ್ನೆರಡು, ಡಿಸ್ಕ್ ನೂರು. ಪ್ರೊಸೆಸರ್ ಕೈಕಟ್ಟಿ ಕೂತಿತ್ತು. ಮಾಡಲು ಶಕ್ತಿ ಇದೆ, ಆದರೆ ಮಾಡಬೇಕಾದ್ದು ಅದರ ಕೈಗೆ ತಲುಪುತ್ತಿಲ್ಲ.

ಆ ಯಂತ್ರದಲ್ಲಿದ್ದದ್ದು 500 ಜಿಬಿಯ ಹಳೆಯ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಎಂದರೆ ಒಳಗೆ ನಿಜಕ್ಕೂ ತಿರುಗುವ ತಟ್ಟೆ. ಹಳೆಯ ಗ್ರಾಮಫೋನ್ ನೋಡಿದವರಿಗೆ ಹೇಳುವುದು ಸುಲಭ. ತಟ್ಟೆ ತಿರುಗುತ್ತದೆ, ತೋಳಿನ ತುದಿಯ ಪುಟ್ಟ ತಲೆ ಅದರ ಮೇಲ್ಮೈಗೆ ತಾಗದಂತೆ ತೇಲುತ್ತ ಓದುತ್ತದೆ. ಈ ತಂತ್ರಕ್ಕೆ ಎಪ್ಪತ್ತು ವರ್ಷದ ಹತ್ತಿರದ ಪ್ರಾಯ. ಐಬಿಎಂ ಕಂಪನಿ 1956ರಲ್ಲಿ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಇವತ್ತಿನ ಮೊಬೈಲಿನ ಒಂದು ಫೋಟೋ ಅದರಲ್ಲಿ ಕೂರುವುದೇ ಕಷ್ಟ.

ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಕೇಳಲು ಭಾರಿ ವೇಗವೇ. ಆದರೆ ತಲೆಯನ್ನು ಬೇಕಾದ ವರ್ತುಲಕ್ಕೆ ಒಯ್ಯಲು ಎಂಟೊಂಬತ್ತು ಮಿಲಿಸೆಕೆಂಡ್, ಬೇಕಾದ ಜಾಗ ತಲೆಯ ಕೆಳಗೆ ತಿರುಗಿ ಬರಲು ಸರಾಸರಿ ಇನ್ನೂ ನಾಲ್ಕು. ಹೀಗೆ ಒಂದು ತುಣುಕಿಗೆ ಹನ್ನೆರಡು ಮಿಲಿಸೆಕೆಂಡ್ ಹೋದರೆ ಸೆಕೆಂಡಿಗೆ ಸಿಗುವುದು ಎಂಬತ್ತು ತುಣುಕು ಮಾತ್ರ. ಒಂದು ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಈ ತೊಂದರೆ ಕಾಣಿಸುವುದಿಲ್ಲ. ವಿಂಡೋಸ್ ಏಳುವಾಗ ಹಾಗಲ್ಲ. ಅದಕ್ಕೆ ಬೇಕಾದ ಸಣ್ಣ ಸಣ್ಣ ಫೈಲುಗಳು ತಟ್ಟೆಯ ತುಂಬ ಚದುರಿರುತ್ತವೆ. ಅಂಥ ಎಂಟು ಸಾವಿರ ತುಣುಕು ಬೇಕೆಂದರೆ ಲೆಕ್ಕ ಹಾಕಿ ನೋಡಿ, ನೂರು ಸೆಕೆಂಡು. ಅದರ ಜೊತೆಗೇ ಆಂಟಿವೈರಸ್ ಒಂದು ಕಡೆ, ಅಪ್‌ಡೇಟ್ ಇನ್ನೊಂದು ಕಡೆ ಅದೇ ತೋಳನ್ನು ಎಳೆದರೆ ಅದು ಅತ್ತಿಂದಿತ್ತ ಓಡಾಡಿಯೇ ಸುಸ್ತಾಗುತ್ತದೆ. ಕಿವಿಯಿಟ್ಟು ಕೇಳಿದರೆ ಕರಕರ ಎನ್ನುವುದು ಆ ಓಡಾಟವೇ.

ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಪೆನ್‌ಡ್ರೈವಿನಂತೆ ಚಿಪ್ಪುಗಳಷ್ಟೇ. ಒಂದು ತುಣುಕು ಸಿಗಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಕಂಪ್ಲಿಯ ಆ ಯಂತ್ರಕ್ಕೆ 240 ಜಿಬಿಯದೊಂದನ್ನು ಹಾಕಿದೆ. ಫಾರ್ಮ್ಯಾಟ್ ಮಾಡಲಿಲ್ಲ. ಹಳೆಯ ಡಿಸ್ಕಿನಲ್ಲಿದ್ದ ವಿಂಡೋಸನ್ನು, ಅವನ ಪ್ರಿಂಟರ್ ಸೆಟಿಂಗ್‌ಗಳನ್ನು, ಬೆರಳಗುರುತಿನ ಯಂತ್ರದ ಸಾಫ್ಟ್‌ವೇರನ್ನು ಇದ್ದಂತೆಯೇ ಪ್ರತಿ ತೆಗೆದು ಕೂರಿಸಿದೆ. ಇದಕ್ಕೆ ಕ್ಲೋನ್ ಮಾಡುವುದು ಎನ್ನುತ್ತೇವೆ. ಮೂರು ತಾಸು ಹಿಡಿಯಿತು. ಬಟನ್ ಒತ್ತಿದಾಗ ಇಪ್ಪತ್ತಾರು ಸೆಕೆಂಡಿಗೆ ಪರದೆ ಸಿದ್ಧ. ಆ ಮನುಷ್ಯ ಪೊರಕೆ ಹಿಡಿದು ಅಂಗಳಕ್ಕೆ ಹೊರಟವನು ಬಾಗಿಲಲ್ಲೇ ನಿಂತುಬಿಟ್ಟ.

ಒಂದೇ ಒಂದು ಕೆಲಸಕ್ಕೆ ದುಡ್ಡಿದೆ ಎಂದು ಯಾರಾದರೂ ಕೇಳಿದರೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಹತ್ತು ಹನ್ನೆರಡು ವರ್ಷ ಹಳೆಯ ಯಂತ್ರವಾದರೂ ಸರಿ, ತಿರುಗುವ ಡಿಸ್ಕ್ ಇದ್ದರೆ ಅದನ್ನು ಬದಲಿಸಿ. ಡಿಫ್ರಾಗ್ ಮಾಡಿದರೆ ಸಾಲದೇ ಎಂದು ಹಳಬರು ಕೇಳುತ್ತಾರೆ. ಅದು ಚದುರಿದ ತುಣುಕುಗಳನ್ನು ಸಾಲಾಗಿ ಜೋಡಿಸುವ ಕೆಲಸ. ತಿರುಗುವ ಡಿಸ್ಕಿಗೆ ಸ್ವಲ್ಪ ಉಪಯೋಗ ಉಂಟು, ವಿಂಡೋಸ್ ಅದನ್ನು ತಾನಾಗಿಯೇ ಆಗಾಗ ಮಾಡಿಕೊಳ್ಳುತ್ತದೆ. ಎಸ್‌ಎಸ್‌ಡಿಗೆ ಅದು ಬೇಡ. ಓಡಾಡುವ ತೋಳೇ ಇಲ್ಲದ ಮೇಲೆ ಸಾಲಾಗಿ ಜೋಡಿಸಿ ಆಗಬೇಕಾದ್ದೇನು?

ಮೆಮೊರಿ ಸಾಲು ತೊಂಬತ್ತು ದಾಟಿದ್ದರೆ ಮಾತು ರಾಮ್‌ನದು. ವಿಂಡೋಸ್ 10 ಏನೂ ಮಾಡದೆ ಸುಮ್ಮನೆ ಕೂತರೂ ಎರಡು ಜಿಬಿಯ ಆಸುಪಾಸು ತಿನ್ನುತ್ತದೆ. ನಾಲ್ಕು ಜಿಬಿಯ ಯಂತ್ರದಲ್ಲಿ ಉಳಿದ ಎರಡನ್ನು ಬ್ರೌಸರಿನ ಹತ್ತು ಟ್ಯಾಬುಗಳು ನುಂಗಿದರೆ ಜಾಗ ಸಾಲದೆ ವಿಂಡೋಸ್ ಸದ್ಯಕ್ಕೆ ಬೇಡವಾದದ್ದನ್ನು ಡಿಸ್ಕಿಗೆ ಬರೆದಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಹಾಗಾಗಿ ರಾಮ್ ಕಡಿಮೆಯಾದದ್ದು ಎಷ್ಟೋ ಸಲ ಡಿಸ್ಕಿನ ಮೇಲಿನ ಹೊರೆಯಾಗಿ ಕಾಣಿಸುತ್ತದೆ. ಎಂಟು ಜಿಬಿ ಇದ್ದರೆ ಮನೆಯ ಕೆಲಸಕ್ಕೆ ಧಾರಾಳ. ಕೊಳ್ಳುವ ಮುಂಚೆ ಡಿಡಿಆರ್3 ಯಾವುದು, ಡಿಡಿಆರ್4 ಯಾವುದು ಎಂದು ನೋಡಿ. ಕಚ್ಚಿನ ಜಾಗ ಬೇರೆ, ಒಂದರ ಗೂಡಿಗೆ ಇನ್ನೊಂದು ಕೂರದು. ಲ್ಯಾಪ್‌ಟಾಪಿನದು ಉದ್ದದಲ್ಲೂ ಗಿಡ್ಡ.

ಸಂಡೂರಿನ ಕಥೆ ಬೇರೆ. ಅಲ್ಲಿ ನನ್ನ ಜೊತೆ ಬರುವ ಸಾಮಾನು ಸ್ಕ್ರೂಡ್ರೈವರಿಗಿಂತ ಹೆಚ್ಚಾಗಿ ಬ್ಲೋವರ್, ಬಣ್ಣ ಹಚ್ಚುವ ಬ್ರಷ್ಷು. ಸುತ್ತಲೂ ಬೆಟ್ಟ, ಬೆಟ್ಟದ ತುಂಬ ಕಬ್ಬಿಣದ ಅದಿರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವ ಮೊದಲಿನ ವರ್ಷಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ರಸ್ತೆ ಬದಿಯ ಮರದ ಎಲೆಯೂ ಕೆಂಪು, ಒಣಹಾಕಿದ ಬಟ್ಟೆಯೂ ಕೆಂಪು. ಆಮೇಲೆ ಕಟ್ಟುಪಾಡುಗಳೊಂದಿಗೆ ಗಣಿ ಮತ್ತೆ ಶುರುವಾಯಿತು. ಧೂಳು ಅಂದಿನಷ್ಟಿಲ್ಲ, ಆದರೆ ಇದೆ. ಅಲ್ಲಿನ ಯಂತ್ರ ಬಿಚ್ಚಿದರೆ ಒಳಗೆಲ್ಲ ಕುಂಕುಮ ಎರಚಿದ ಹಾಗಿರುತ್ತದೆ.

ಅಲ್ಲಿ ಒಮ್ಮೆ ಲಂಬಾಣಿ ಕಸೂತಿ ಮಾಡುವ ಒಬ್ಬ ಹೆಣ್ಣುಮಗಳ ಮನೆಗೆ ಹೋಗಿದ್ದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಕನ್ನಡಿ ಕೂರಿಸಿದ ಆ ಕೆಲಸವನ್ನು ಹೊರಗಿನವರು ಹುಡುಕಿಕೊಂಡು ಕೊಳ್ಳುತ್ತಾರೆ. ಆಕೆ ಬಟ್ಟೆಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕತ್ತರಿಸಿ, ಬೆಳಕು ಸರಿಮಾಡಿ ಕಳಿಸುವುದು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ, ಅರ್ಧ ತಾಸು ಕಳೆದ ಮೇಲೆ ಮೌಸ್ ಕೂಡ ಎಳೆದೆಳೆದು ಬರುತ್ತದೆ, ಫ್ಯಾನು ವಿಮಾನದ ಹಾಗೆ ಕೂಗುತ್ತದೆ ಎಂದಳು. ಅಷ್ಟು ಕೇಳಿದ ಮೇಲೆ ಟಾಸ್ಕ್ ಮ್ಯಾನೇಜರ್ ಬೇಕೇ ಇರಲಿಲ್ಲ. ಆದರೂ ತೆರೆದು ಆಕೆಗೆ ತೋರಿಸಿದೆ. ‘ಪರ್ಫಾರ್ಮೆನ್ಸ್’ ಎಂಬಲ್ಲಿ ಸಿಪಿಯು ಒತ್ತಿದರೆ ಅದು ಆ ಕ್ಷಣಕ್ಕೆ ಯಾವ ವೇಗದಲ್ಲಿ ಓಡುತ್ತಿದೆ ಎಂಬ ಅಂಕಿ ಕಾಣುತ್ತದೆ. ಮೂರು ಗಿಗಾಹರ್ಟ್ಜ್ ಓಡಬೇಕಾದ್ದು ಒಂದರ ಆಸುಪಾಸಿಗೆ ಇಳಿದಿತ್ತು.

ಪ್ರೊಸೆಸರ್ ಬಿಸಿಯಾದಾಗ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅನೇಕ ಪ್ರೊಸೆಸರುಗಳಿಗೆ ನೂರು ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಆ ಗಡಿ. ಬಿಸಿಲಲ್ಲಿ ದುಡಿಯುವವನು ನೆರಳಿಗೆ ಬಂದು ಕೂರುವುದಿಲ್ಲವೇ, ಹಾಗೆ. ಪ್ರೊಸೆಸರಿನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಒಂದು ಗಟ್ಟಿ, ಅದರ ಮೇಲೆ ಫ್ಯಾನು. ಬಿಸಿ ರೆಕ್ಕೆಗೆ ಏರಬೇಕು, ಗಾಳಿ ರೆಕ್ಕೆಗಳ ನಡುವಿನಿಂದ ನುಗ್ಗಿ ಅದನ್ನು ಹೊತ್ತೊಯ್ಯಬೇಕು. ಆಕೆಯ ಯಂತ್ರದಲ್ಲಿ ರೆಕ್ಕೆಗಳ ನಡುವೆ ಕೆಂಪು ಧೂಳು, ಬಟ್ಟೆಯ ನೂಲಿನ ಎಳೆ ಎರಡೂ ಸೇರಿ ಕಂಬಳಿಯಂತೆ ಹೆಣೆದುಕೊಂಡಿದ್ದವು. ಮೇ ತಿಂಗಳು, ಹೊರಗೇ ನಲವತ್ತು ಡಿಗ್ರಿ. ಒಳಗೆ ತೊಂಬತ್ತೆಂಟು.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಆದರೆ ಜೋಪಾನ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಉಳಿದ ಕರೆಂಟು ಇಳಿದುಹೋಗಲಿ. ಕ್ಯಾಬಿನೆಟ್ಟನ್ನು ನಮ್ಮ ಕಡೆ ಎಲ್ಲರೂ ಸಿಪಿಯು ಎಂದೇ ಕರೆಯುವುದು, ಅದನ್ನು ಅಂಗಳಕ್ಕೆ ತನ್ನಿ. ಒಳಗೆ ಮಾಡಿದರೆ ಅದೇ ಧೂಳು ಸಂಜೆಯೊಳಗೆ ಮತ್ತೆ ಒಳಸೇರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಅಲುಗದಂತೆ ಹಿಡಿದುಕೊಳ್ಳಿ, ಗಾಳಿಗೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಕೆಡುತ್ತದೆ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಕರೆಂಟು ಬಂದು ಸೇರುವ ಚೌಕದ ಪೆಟ್ಟಿಗೆ, ಎಸ್‌ಎಂಪಿಎಸ್, ಅದನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯದ ವಿದ್ಯುತ್ತು ಉಳಿದಿರುತ್ತದೆ. ಪ್ರೊಸೆಸರ್ ಮತ್ತು ರೆಕ್ಕೆಯ ಗಟ್ಟಿಯ ನಡುವೆ ಬಿಸಿ ದಾಟಿಸುವ ಒಂದು ಪೇಸ್ಟ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಒಣಗಿ ಸುಣ್ಣದ ಹಾಗೆ ಉದುರುತ್ತದೆ. ಆಕೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಇಟ್ಟು ಕೂರಿಸಿದೆ. ಅದೇ ಕೆಲಸ, ಅದೇ ಮಧ್ಯಾಹ್ನ, ಈಗ ಅರವತ್ತೈದು ಡಿಗ್ರಿ. ಖರ್ಚಾದದ್ದು ಪೇಸ್ಟಿನ ಒಂದು ಸಣ್ಣ ಟ್ಯೂಬು. ಯಂತ್ರ ನೆಲದ ಮೇಲಿತ್ತು, ಒಂದು ಸ್ಟೂಲಿನ ಮೇಲಿಡಿಸಿ ಬಂದೆ. ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಹಾಸಿಗೆ, ದಿಂಬಿನ ಮೇಲಿಟ್ಟು ಓಡಿಸಬೇಡಿ, ಗಾಳಿ ಎಳೆದುಕೊಳ್ಳುವ ಕಿಂಡಿ ಅದರ ಹೊಟ್ಟೆಯಲ್ಲಿದೆ.

ಹಂಪಿಯ ಕಡೆ ಸಿಗುವ ತೊಂದರೆ ಯಂತ್ರದ ಮೈಯಲ್ಲಿ ಇರುವುದು ಕಡಿಮೆ, ಒಳಗೆ ತುಂಬಿದ್ದರಲ್ಲಿ ಹೆಚ್ಚು. ಹಂಪಿ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾದಂದಿನಿಂದ ಕಮಲಾಪುರದ ಬಾಡಿಗೆ ಕೋಣೆಗಳಲ್ಲಿ ಸಂಶೋಧನೆ ಮಾಡುವವರು ಇದ್ದೇ ಇರುತ್ತಾರೆ. ಅಂಥ ಒಬ್ಬ ಹುಡುಗನ ಲ್ಯಾಪ್‌ಟಾಪಿನಲ್ಲಿ ಎಂಟು ಜಿಬಿ ರಾಮ್ ಇತ್ತು, ಎಸ್‌ಎಸ್‌ಡಿಯೂ ಇತ್ತು. ಆದರೂ ವರ್ಡ್ ತೆರೆಯಲು ಒಂದು ನಿಮಿಷ, ಅಕ್ಷರದ ಪಟ್ಟಿ ಎಳೆದರೆ ಪರದೆ ಬಿಳಿಚಿಕೊಳ್ಳುತ್ತಿತ್ತು. ಫಾಂಟ್ ಫೋಲ್ಡರ್ ತೆರೆದು ನೋಡಿದೆ. ಎರಡು ಸಾವಿರಕ್ಕೂ ಹೆಚ್ಚು ಫಾಂಟುಗಳು! ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳದು, ಡಿಟಿಪಿ ಅಂಗಡಿಯಿಂದ ಪೆನ್‌ಡ್ರೈವಿನಲ್ಲಿ ತಂದ ಮದುವೆ ಕಾರ್ಡಿನ ಅಲಂಕಾರದ ಅಕ್ಷರಗಳು. ಕನ್ನಡದಂಥ ಭಾಷೆಗಳಲ್ಲಿ ಬರೆಯುವವರಿಗೆ ಬರುವ ರೋಗವಿದು. ಒಬ್ಬೊಬ್ಬರು ಒಂದೊಂದು ಫಾಂಟಿನಲ್ಲಿ ಟೈಪು ಮಾಡಿ ಕಳಿಸುತ್ತಿದ್ದ ಕಾಲದಲ್ಲಿ ಎಲ್ಲವನ್ನೂ ಇಟ್ಟುಕೊಳ್ಳದೆ ವಿಧಿಯಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಆ ಹೊರೆ ಬೇಕಿಲ್ಲ. ಬೇಕಾದ ಮೂವತ್ತು ನಲವತ್ತನ್ನು ಉಳಿಸಿ, ಮಿಕ್ಕವನ್ನು ಬೇರೆ ಫೋಲ್ಡರಿಗೆ ಪ್ರತಿ ಮಾಡಿಟ್ಟು ಫಾಂಟ್ ಪಟ್ಟಿಯಿಂದ ತೆಗೆದೆವು. ವಿಂಡೋಸ್ ತನ್ನ ಪರದೆಗೇ ಬಳಸುವ ಸೀಗೋ, ನಿರ್ಮಲಾದಂಥವನ್ನು ಮಾತ್ರ ಮುಟ್ಟಬಾರದು.

ಅದೇ ಹುಡುಗನ ಡೆಸ್ಕ್‌ಟಾಪ್ ತುಂಬ ಶಾಸನಗಳ ದೊಡ್ಡ ದೊಡ್ಡ ಫೋಟೋಗಳು. ಡೆಸ್ಕ್‌ಟಾಪಿನ ಮೇಲಿಟ್ಟದ್ದೆಲ್ಲ ಸಿ ಡ್ರೈವಿನಲ್ಲೇ ಇರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸಿ ಡ್ರೈವಿನ ಪಟ್ಟಿ ಕೆಂಪಾಗಿತ್ತು. ನಮ್ಮ ತುಂಗಭದ್ರಾ ಜಲಾಶಯ ಮೊದಲು 133 ಟಿಎಂಸಿ ಅಡಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಅಲ್ಲಿನ ಹೂಳು ತೆಗೆಯುವುದು ಸರ್ಕಾರಗಳಿಗೇ ಆಗದ ಕೆಲಸ. ಸಿ ಡ್ರೈವಿನದು ಒಂದು ತಾಸಿನದು. ಸೆಟಿಂಗ್ಸಿನಲ್ಲಿ ‘ಸ್ಟೋರೇಜ್’ ತೆರೆದರೆ ಯಾವುದು ಎಷ್ಟು ಜಾಗ ತಿಂದಿದೆ ಎಂದು ತೋರಿಸುತ್ತದೆ. ತಾತ್ಕಾಲಿಕ ಫೈಲುಗಳನ್ನು ಅಲ್ಲಿಂದಲೇ ಅಳಿಸಬಹುದು, ಆದರೆ ‘ಡೌನ್‌ಲೋಡ್ಸ್’ ಎಂಬುದರ ಎದುರಿನ ಗುರುತು ತೆಗೆದ ಮೇಲೆಯೇ ಅಳಿಸಿ. ಎಷ್ಟೋ ಜನರ ಅಂಕಪಟ್ಟಿ, ಆಧಾರ್ ಪ್ರತಿ ಇರುವುದೇ ಆ ಫೋಲ್ಡರಿನಲ್ಲಿ. ಡ್ರೈವ್ ಅರ್ಧ ತುಂಬಿದ ಮಾತ್ರಕ್ಕೆ ಯಂತ್ರ ನಿಧಾನವಾಗುವುದಿಲ್ಲ. ಪೂರ್ತಿ ತುಂಬುತ್ತ ಬಂದಾಗ ವಿಂಡೋಸಿಗೆ ಉಸಿರಾಡಲು ಜಾಗ ಸಿಗುವುದಿಲ್ಲ. ಐದರಲ್ಲಿ ಒಂದು ಪಾಲು ಖಾಲಿ ಬಿಟ್ಟರೆ ಚಿಂತೆಯಿಲ್ಲ.

ಹಂಪಿಯ ಹೋಂಸ್ಟೇ ಮನೆಗಳಿಂದ ಬರುವ ಕರೆ ಇನ್ನೊಂದು ಬಗೆಯದು. ವಿದೇಶಿಯರು ಬಂದು ಇಳಿದ ಇಪ್ಪತ್ನಾಲ್ಕು ತಾಸಿನೊಳಗೆ ಅವರ ವಿವರವನ್ನು ಆನ್‌ಲೈನ್ ತುಂಬಬೇಕು. ಅವಸರದ ಕೆಲಸ. ಆ ಹೊತ್ತಿಗೇ ಯಂತ್ರ ಹ್ಯಾಂಗು. ನೋಡಿದರೆ ಎರಡೆರಡು ಆಂಟಿವೈರಸ್, ಒಂದು ಇನ್ನೊಂದನ್ನು ಕಾಯುತ್ತ ಪ್ರತಿ ಫೈಲನ್ನೂ ಎರಡು ಸಲ ತಪಾಸಣೆ ಮಾಡುತ್ತಿರುತ್ತವೆ. ವಿಂಡೋಸ್ 10ರಲ್ಲೂ 11ರಲ್ಲೂ ಅದರದೇ ಡಿಫೆಂಡರ್ ಇದೆ, ಮನೆಯ ಬಳಕೆಗೆ ಅದೊಂದು ಸಾಕು ಎಂಬುದು ನನ್ನ ಅನುಭವ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್ಅಪ್’ ತೆರೆದರೆ ಯಂತ್ರದೊಂದಿಗೆ ತಾವೂ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ ಸಿಗುತ್ತದೆ. ಬೇಡದ್ದರ ಮೇಲೆ ಬಲ ಗುಂಡಿ ಒತ್ತಿ ‘ಡಿಸೇಬಲ್’ ಮಾಡಿ. ಪ್ರೋಗ್ರಾಮ್ ಎಲ್ಲೂ ಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಹೆಸರು ಗೊತ್ತಿಲ್ಲದ್ದನ್ನು, ಆಡಿಯೋ, ಟಚ್‌ಪ್ಯಾಡ್ ಎಂದಿರುವುದನ್ನು ಹಾಗೇ ಬಿಡಿ. “ನಿಮ್ಮ ಪಿಸಿಯಲ್ಲಿ 1,200 ದೋಷಗಳಿವೆ, ಒಂದೇ ಕ್ಲಿಕ್‌ನಲ್ಲಿ ವೇಗ ಹೆಚ್ಚಿಸಿ” ಎಂದು ಪರದೆಯ ಮೇಲೆ ಹಾರುವ ಕ್ಲೀನರುಗಳನ್ನು ಮಾತ್ರ ದಯವಿಟ್ಟು ಹಾಕಿಕೊಳ್ಳಬೇಡಿ. ನಾನು ತೆಗೆದುಹಾಕುವ ಪ್ರೋಗ್ರಾಮುಗಳಲ್ಲಿ ಅವುಗಳದೇ ದೊಡ್ಡ ಪಾಲು.

ದಿನಾ ಶಟ್‌ಡೌನ್ ಮಾಡ್ತೀನಲ್ಲ ಎಂದು ಕೆಲವರು ವಾದಿಸುತ್ತಾರೆ. ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಎಂದರೆ ಪೂರ್ತಿ ನಿದ್ದೆಯಲ್ಲ. ಬೇಗ ಏಳಲೆಂದು ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಗೋಜಲೂ ಅದರ ಜೊತೆ ಬರಬಹುದು. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲ ಮೊದಲಿನಿಂದ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ನನ್ನ ಫೋನು ಅರ್ಧಕ್ಕರ್ಧ ಮೌನವಾದೀತು. ಇನ್ನು ಫಲಿತಾಂಶದ ದಿನ, ಅರ್ಜಿಯ ಕೊನೆಯ ದಿನ ವೆಬ್‌ಸೈಟ್ ತೆರೆಯದಿದ್ದರೆ ಮೊದಲು ಮೊಬೈಲಿನಲ್ಲಿ ನೋಡಿ. ಅಲ್ಲೂ ತೆರೆಯದಿದ್ದರೆ ನಿಮ್ಮ ಯಂತ್ರದ್ದೇನೂ ತಪ್ಪಿಲ್ಲ. ಮೊಬೈಲಿನಲ್ಲಿ ತೆರೆದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯದೆ, ಮೂಲೆಯ ತಾರೀಖು ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, ಮುಗಿದಿದೆ ಎಂದರ್ಥ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಈಗ ಹೇಳಲು ಕಷ್ಟವಾದದ್ದನ್ನು ಹೇಳಬೇಕು. ಕೆಲಸ ಶುರುಮಾಡಿದ ಎರಡನೇ ವರ್ಷ, ಕಂಪ್ಲಿಯ ನಿವೃತ್ತ ಮೇಷ್ಟ್ರೊಬ್ಬರ ಯಂತ್ರ. ಭಾಳ ಸ್ಲೋ ಎಂದರು. ಫೋಲ್ಡರ್ ತೆರೆದರೆ ನಿಂತುಬಿಡುತ್ತಿತ್ತು, ಒಳಗೆ ಟಕ್ ಟಕ್ ಶಬ್ದ. ಆ ಶಬ್ದದ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಡಿಫ್ರಾಗ್ ಹಾಕಿ ಊಟಕ್ಕೆ ಹೋದೆ. ಸಾಯುತ್ತಿದ್ದ ಡಿಸ್ಕನ್ನು ಎರಡು ತಾಸು ಓಡಿಸಿ ಸಾಯಿಸಿದೆ. ಅದರಲ್ಲಿ ಅವರ ತಾಯಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಇತ್ತು, ತಾಯಿ ತೀರಿಕೊಂಡಿದ್ದರು, ಬೇರೆ ಪ್ರತಿ ಇರಲಿಲ್ಲ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಅಂದಿನಿಂದ ನನ್ನ ನಿಯಮ ಬದಲಾಗಿಲ್ಲ. ವೇಗದ ಮಾತು ಆಮೇಲೆ, ಮೊದಲು ಡಿಸ್ಕಿನ ಆರೋಗ್ಯ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸಿಕೊಳ್ಳುತ್ತದೆ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಓದಿ ಹೇಳುತ್ತದೆ. ‘ಗುಡ್’ ಎಂದಲ್ಲದೆ ‘ಕಾಷನ್’ ಅಥವಾ ‘ಬ್ಯಾಡ್’ ಎಂದರೆ ಮತ್ತೇನನ್ನೂ ಮುಟ್ಟದೆ ಬೇಕಾದ್ದನ್ನೆಲ್ಲ ಹೊರಗಿನ ಡ್ರೈವಿಗೆ ಪ್ರತಿ ತೆಗೆಯಬೇಕು. ‘ಗುಡ್’ ಎಂದರೂ ಬೇಕಾದ್ದರ ಪ್ರತಿ ತೆಗೆದೇ ಕೆಲಸಕ್ಕೆ ಕೈಹಾಕುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಚೈನು ಕಡಿದು ಕೊಚ್ಚಿಹೋದಾಗ ಹೊಸಪೇಟೆಯಲ್ಲಿ ಯಾರೂ ನೆಮ್ಮದಿಯಿಂದ ಮಲಗಲಿಲ್ಲ. 33 ಗೇಟುಗಳಲ್ಲಿ ಒಂದು ಹೋದದ್ದು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ತಡೆಯುವಷ್ಟರಲ್ಲಿ ಎಷ್ಟೋ ನೀರು ಹೋಗಿತ್ತು. ಹೋದದ್ದು ಮರಳಿ ಬರದು ಎಂದು ಆ ವಾರ ನಾನು ಮೇಷ್ಟ್ರನ್ನು ಬಹಳ ನೆನೆದೆ.

ಫಾರ್ಮ್ಯಾಟ್ ಬೇಡವೇ ಬೇಡ ಎಂದಲ್ಲ. ವೈರಸ್ ಒಳಗೆಲ್ಲ ಹರಡಿದ್ದರೆ, ವಿಂಡೋಸೇ ಕೆಟ್ಟಿದ್ದರೆ ಅದೇ ದಾರಿ. ಅದು ಕೊನೆಯದಾಗಿರಲಿ. ಇನ್ನೊಂದು ಪ್ರಶ್ನೆ ಈಚೆಗೆ ಎಲ್ಲರೂ ಕೇಳುತ್ತಿದ್ದಾರೆ, ವಿಂಡೋಸ್ 10ರ ಹಳೆಯ ಯಂತ್ರವನ್ನು ಏನು ಮಾಡುವುದು ಎಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹೆಚ್ಚುಕಡಿಮೆ 2018ರಿಂದೀಚಿನ ಪ್ರೊಸೆಸರ್ ಬೇಕು. ಕಂಪ್ಲಿಯ ಆ ಪಹಣಿ ತೆಗೆಯುವ ಮನೆಯ ಯಂತ್ರ ಎರಡರಲ್ಲೂ ಫೇಲು, ಓಡುವುದು ಮಾತ್ರ ಕುದುರೆಯ ಹಾಗೆ. ನಿಕ್ಲಾಸ್ ವಿರ್ತ್ ಎಂಬ ಸ್ವಿಸ್ ಕಂಪ್ಯೂಟರ್ ವಿಜ್ಞಾನಿ 1995ರಲ್ಲೇ ಬರೆದಿದ್ದ, ಯಂತ್ರಗಳು ಚುರುಕಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ಭಾರವಾಗುತ್ತಿದೆ ಎಂದು. ಮೂವತ್ತು ವರ್ಷದಲ್ಲಿ ಅದೇನೂ ಸುಳ್ಳಾಗಿಲ್ಲ.

ಇಂಥ ಯಂತ್ರಗಳಿಗೆ ನಾನು ವಿಂಡೋಸಿನ ಬದಲು ಲಿನಕ್ಸ್ ಮಿಂಟಿನ ಹಗುರ ಆವೃತ್ತಿ, ಎಕ್ಸ್‌ಎಫ್‌ಸಿಇ ಎಂಬುದನ್ನು ಹಾಕಿಕೊಡುತ್ತೇನೆ. ಉಚಿತ, ಭದ್ರತೆಯ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಬ್ರೌಸರ್, ಪತ್ರ ಬರೆಯುವುದು, ಮಕ್ಕಳ ಓದು ಎಲ್ಲ ನಡೆಯುತ್ತದೆ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ವಿನ್ಯಾಸದ ಕಗಪ ಕೀಲಿಮಣೆ ಅದರಲ್ಲೂ ಸಿಗುತ್ತದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದೇನಿಲ್ಲ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಸುತ್ತಾರೆ, ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಅದರಲ್ಲೇ ಕಲಿತವರು. ಆದರೆ ಬೆರಳಗುರುತಿನ ಯಂತ್ರ, ಹಳೆಯ ಪ್ರಿಂಟರ್, ವಿಂಡೋಸಿಗೆಂದೇ ಮಾಡಿದ ಸರ್ಕಾರಿ ಕೆಲಸದ ಸಾಫ್ಟ್‌ವೇರ್ ನಂಬಿದವರಿಗೆ ನಾನು ಲಿನಕ್ಸ್ ಹೇಳುವುದಿಲ್ಲ. ಅವರ ದುಡಿಮೆ ಒಂದು ದಿನವೂ ನಿಲ್ಲಬಾರದು.

ಅಪ್ಪನಿಗೆ ಈಗ ಕಾಲುವೆ ದಂಡೆ ಹತ್ತಲು ಆಗುವುದಿಲ್ಲ. ಸಂಜೆ ನನ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಾನೆ. ನಾನು ಸ್ಕೂಟಿ ನಿಲ್ಲಿಸುತ್ತಿದ್ದ ಹಾಗೆ ಕೇಳುವುದು ಒಂದೇ, “ಎಲ್ಲಿ ನಿಂತಿತ್ತು?”

ನಿನ್ನೆ ಹೋಗಿದ್ದು ಕಮಲಾಪುರಕ್ಕೆ. ಎಂಟು ಜಿಬಿ ಹಾಕಿಸಿದ್ದ ಯಂತ್ರ ನಾಲ್ಕನ್ನೇ ತೋರಿಸುತ್ತಿತ್ತು. ಬಿಚ್ಚಿ ನೋಡಿದರೆ ಎರಡನೇ ರಾಮ್ ಕಡ್ಡಿ ಗೂಡಿನಲ್ಲಿ ಒಂದು ಕಡೆ ಎದ್ದಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳಿಗೆ ಕಪ್ಪು ಹಿಡಿದಿತ್ತು. ಆ ಮನೆಯ ಹುಡುಗಿಯ ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ಇಸಕೊಂಡು ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಟಕ್ ಎನ್ನುವ ತನಕ ಒತ್ತಿ ಕೂರಿಸಿದೆ.

“ರಾಮ್ ಕಡ್ಡಿ ಸಡಿಲಾಗಿತ್ತು, ಅಪ್ಪಾ. ರಬ್ಬರ್ ಹಚ್ಚಿ ತಿಕ್ಕಿದೆ.”

“ರೊಕ್ಕ ಎಷ್ಟು ತಗೊಂಡಿ?”

“ಅವರ ಹುಡುಗಿಯದೇ ರಬ್ಬರು. ಚಹಾ ಕುಡಿದು ಬಂದೆ.”

ಅಪ್ಪ ತಲೆಯಾಡಿಸಿ ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದ.